60ನೇ ಪುಟದಲ್ಲಿ ನಿಂತ ಬಂಡಿ: ಕಾದಂಬರಿ ಬರೆಯುವವರ ಪ್ರಶ್ನೆಗಳಿಗೆ ಉತ್ತರ

ಮೊದಲ ಕಾದಂಬರಿಗೆ ಕೈ ಹಾಕಿರುವ ಓದುಗರ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಎಲ್ಲೋ ಎಡವಟ್ಟಾಗಿದೆ, ಎಲ್ಲಿ ಅಂತ ಗೊತ್ತಾಗುತ್ತಿಲ್ಲ. ಕಾದಂಬರಿಯ ಕಾಯಿಲೆಯ ಸ್ವಭಾವವೇ ಹಾಗೆ. ನೋವು ಕಾಣಿಸುವುದು ಒಂದು ಕಡೆ, ಗಾಯ ಇರುವುದು ಇನ್ನೊಂದು ಕಡೆ. ಹಾಗಾಗಿ ಈ ಸಲದ ಉತ್ತರಗಳಲ್ಲಿ ಮದ್ದಿಗಿಂತ ಗಾಯ ಹುಡುಕುವ ಕೆಲಸವೇ ಹೆಚ್ಚು.

ಪ್ರಶ್ನೆ: ಮೂರು ಕಾದಂಬರಿ ಶುರುಮಾಡಿದೆ. ಮೊದಲ 20 ಪುಟ ನೀರು ಕುಡಿದಷ್ಟು ಸಲೀಸು. ಮೂರೂ 60–70ನೇ ಪುಟದ ಹೊತ್ತಿಗೆ ನಿಂತವು. ನನ್ನಲ್ಲಿ ಸ್ಫೂರ್ತಿ ಇಷ್ಟೇ ಎಂದು ಸುಮ್ಮನಾಗಲೇ?

ಸ್ಫೂರ್ತಿಯನ್ನು ದೂರಬೇಡಿ. ಬಂಡಿ 60ನೇ ಪುಟದಲ್ಲಿ ನಿಂತಿದ್ದರೆ ಕೀಲು ಕಳಚಿದ್ದು ಬಹುಮಟ್ಟಿಗೆ 10ನೇ ಪುಟದ ಆಸುಪಾಸಿನಲ್ಲಿ. ಮೊದಲ 20 ಪುಟ ಸಲೀಸಾಗಿ ಬರಲು ಕಾರಣವಿದೆ. ಅಲ್ಲಿ ಪರಿಚಯ ಮಾಡಿಕೊಡುವುದಷ್ಟೇ ಕೆಲಸ. ಮನೆ, ಬೀದಿ, ಮುಖಗಳು, ಹಳೆಯ ನೆನಪು ಎಲ್ಲವೂ ಹೊಸದು, ಬರೆದರೆ ಸಾಕು. 60ರ ಹೊತ್ತಿಗೆ ಪರಿಚಯ ಮುಗಿದಿರುತ್ತದೆ. ಇನ್ನು ಹಿಂದಿನ ಘಟನೆ ಮುಂದಿನ ಘಟನೆಯನ್ನು ಹೆರಬೇಕು. ಮುಖ್ಯ ಪಾತ್ರಕ್ಕೆ ಏನು ಬೇಕು ಅನ್ನುವುದೇ ತೀರ್ಮಾನವಾಗಿಲ್ಲದಿದ್ದರೆ ಹೆರಲು ಬಸಿರೇ ಇಲ್ಲ.

ಪತ್ತೆ ಮಾಡುವುದು ಹೀಗೆ. ಬರೆದಷ್ಟನ್ನೂ ದೃಶ್ಯಗಳಾಗಿ ಒಡೆಯಿರಿ. ಜಾಗ ಅಥವಾ ಹೊತ್ತು ಬದಲಾದರೆ ಅದು ಹೊಸ ದೃಶ್ಯ. 60 ಪುಟದಲ್ಲಿ 12ರಿಂದ 18 ದೃಶ್ಯ ಸಿಗಬಹುದು. ಒಂದೊಂದಕ್ಕೂ ಒಂದು ಚೀಟಿ, ಚೀಟಿಯಲ್ಲಿ ಮೂರೇ ಸಾಲು: ಇಲ್ಲಿ ಯಾರಿಗೆ ಏನು ಬೇಕಾಗಿದೆ, ಅದಕ್ಕೆ ಅಡ್ಡ ಬಂದದ್ದೇನು, ದೃಶ್ಯ ಮುಗಿಯುವಾಗ ಏನು ಬದಲಾಗಿದೆ. ಮೊದಲೆರಡು ಸಾಲು ಹೇಗೋ ತುಂಬಿಬಿಡುತ್ತವೆ. ಮೂರನೆಯದು ಸುಳ್ಳು ಹೇಳಲು ಬಿಡುವುದಿಲ್ಲ. ‘ಅವಳ ಒಂಟಿತನ ಓದುಗರಿಗೆ ತಿಳಿಯಿತು’ ಅಂತ ಬರೆದಿದ್ದರೆ ಅದನ್ನು ಹೊಡೆದು ಹಾಕಿ, ‘ಏನೂ ಇಲ್ಲ’ ಅಂತ ಬರೆಯಿರಿ. ಓದುಗರಿಗೆ ತಿಳಿದದ್ದು ಬದಲಾವಣೆಯಲ್ಲ, ಪಾತ್ರದ ಸ್ಥಿತಿ ಬದಲಾಗಬೇಕು. ಸಾಲಾಗಿ ಮೂರು ಚೀಟಿಯಲ್ಲಿ ‘ಏನೂ ಇಲ್ಲ’ ಬಂದ ಜಾಗವೇ ನೀವು ಹುಡುಕುತ್ತಿರುವ ಗಾಯ. ಅದು 60ನೇ ಪುಟಕ್ಕಿಂತ ಬಹಳ ಹಿಂದೆಯೇ ಸಿಗುತ್ತದೆ.

ಎರಡನೇ ಪರೀಕ್ಷೆ ಇನ್ನೂ ಸುಲಭ. ಚೀಟಿಗಳನ್ನು ಸಾಲಾಗಿ ಇಟ್ಟು ಎರಡರ ನಡುವೆ ಯಾವ ಪದ ಕೂರುತ್ತದೆ ನೋಡಿ. ‘ಆಮೇಲೆ’ ಕೂತರೆ ಅನುಮಾನ. ‘ಹಾಗಾಗಿ’ ಅಥವಾ ‘ಆದರೆ’ ಕೂತರೆ ಕತೆ ನಡೆಯುತ್ತಿದೆ. ಒಂದು ಉದಾಹರಣೆ: ಅಪ್ಪ ತೀರಿಕೊಂಡ ಮೇಲೆ ಮಗಳು ಹಳೆಯ ಮನೆ ಮಾರಲು ಬರುತ್ತಾಳೆ. ಆಮೇಲೆ ಬಾಲ್ಯದ ಗೆಳತಿ ಸಿಗುತ್ತಾಳೆ. ಆಮೇಲೆ ಜೋರು ಮಳೆ. ಆಮೇಲೆ ಅಟ್ಟದ ಮೇಲೆ ಅಪ್ಪನ ಡೈರಿ. ಪ್ರತಿಯೊಂದೂ ಚೆನ್ನಾಗಿ ಬರೆದಿರಬಹುದು, ಆದರೂ ಬಂಡಿ ನಿಲ್ಲುತ್ತದೆ. ಇದನ್ನೇ ಹೀಗೆ ಜೋಡಿಸಿ: ಮಗಳಿಗೆ 10 ದಿನದೊಳಗೆ ಹಣ ಬೇಕು, ಹಾಗಾಗಿ ಮನೆ ಮಾರಲು ಬರುತ್ತಾಳೆ. ಆದರೆ ಅಣ್ಣ ಸಹಿ ಹಾಕುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಹಾಗಾಗಿ ಅಣ್ಣನನ್ನು ಬಲ್ಲ ಗೆಳತಿಯನ್ನು ಹುಡುಕಿಕೊಂಡು ಹೋಗುತ್ತಾಳೆ. ಆದರೆ ಅಲ್ಲಿ ತಿಳಿಯುವುದೇನೆಂದರೆ ಅಪ್ಪ ಆ ಮನೆಯನ್ನು ಯಾವತ್ತೋ ಅಡವಿಟ್ಟಿದ್ದರು, ತೀರಿಸುತ್ತಾ ಬಂದವನು ಅಣ್ಣ. ಅದೇ ಮನೆ, ಅದೇ ಗೆಳತಿ. ಡೈರಿ ಮಾತ್ರ ಬೇಡವಾಯಿತು. (ಅಟ್ಟದ ಡೈರಿ, ಹಳೆಯ ಟ್ರಂಕಿನ ಪತ್ರ ಇವೆಲ್ಲ ಪಾತ್ರಗಳಿಗೆ ಸಿಗುವುದಕ್ಕಿಂತ ದಣಿದ ಬರಹಗಾರರ ಕೈಗೆ ಸಿಗುವುದೇ ಹೆಚ್ಚು.)

60ನೇ ಪುಟದಲ್ಲಿ ಕೈಕಟ್ಟಿದಾಗ ಒಂದು ಅಪಘಾತ ಮಾಡಿಸುವುದು, ಕಾಯಿಲೆ ತರಿಸುವುದು, ಹೊಸ ಪಾತ್ರವೊಂದನ್ನು ಬಾಗಿಲಲ್ಲಿ ನಿಲ್ಲಿಸುವುದು ಎಲ್ಲರಿಗೂ ಹೊಳೆಯುವ ಉಪಾಯ. ಅದರಿಂದ 20 ಪುಟ ಸಾಗುತ್ತದೆ, ಮತ್ತೆ ಅಲ್ಲೇ ನಿಲ್ಲುತ್ತದೆ, ಈಗ ಹೊರಲು ಒಂದು ಪಾತ್ರ ಹೆಚ್ಚು.

ಗಾಯ ಸಿಕ್ಕಿತು ಅಂದುಕೊಳ್ಳಿ. ಹಾಗಂತ ಮೊದಲಿನಿಂದ ತಿದ್ದಿ ಬರೆಯಲು ಕೂರಬೇಡಿ, ನಿಮ್ಮ ನಾಲ್ಕನೇ ಪ್ರಯತ್ನವೂ 60ನೇ ಪುಟಕ್ಕೇ ಬಂದು ನಿಲ್ಲುತ್ತದೆ. ‘ಮೂರನೇ ದೃಶ್ಯದಲ್ಲಿ ಅಣ್ಣ ಸಹಿ ನಿರಾಕರಿಸಬೇಕು’ ಎಂದು ಬೇರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಅದು ಆಗಲೇ ಆಗಿದೆ ಎಂಬಂತೆ 61ನೇ ಪುಟ ಶುರುಮಾಡಿ. ತಿದ್ದುಪಡಿ ಎರಡನೇ ಕರಡಿನ ಕೆಲಸ.

ಪ್ರಶ್ನೆ: ಕಾದಂಬರಿ ಎಷ್ಟು ಪದ ಇರಬೇಕು? 80,000 ಬೇಕೇಬೇಕು ಅನ್ನುತ್ತಾರೆ. ಕೆಲಸ, ಮನೆ ಎರಡರ ನಡುವೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಿಗುವುದಿಲ್ಲ.

80,000 ಎಂಬುದು ಇಂಗ್ಲಿಷ್ ಪುಸ್ತಕಗಳ ಲೆಕ್ಕ. ಕನ್ನಡದಲ್ಲಿ ವಿಭಕ್ತಿ, ಕಾಲ, ಸಹಾಯಕ್ರಿಯೆ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ‘ಹೋಗಬೇಕಾಗಿತ್ತಂತೆ’ ನಮಗೆ ಒಂದೇ ಪದ, ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಐದಾರು ಪದ ಬೇಕು. ಕನ್ನಡದಲ್ಲಿ 40,000ದಿಂದ 60,000 ಪದ ತುಂಬು ಕಾದಂಬರಿ. ಮುದ್ರಿತ ಪುಟಕ್ಕೆ ಸುಮಾರು 200 ಪದ ಎಂದು ಹಿಡಿದರೆ 45,000 ಪದಕ್ಕೆ 225 ಪುಟ.

ದಿನಕ್ಕೆ 300 ಪದ, ವಾರಕ್ಕೆ 5 ದಿನ. 30 ವಾರಕ್ಕೆ 45,000 ಆಗುತ್ತದೆ. ಒಂದು ಗಂಟೆಯಲ್ಲಿ 300 ಪದ ಧಾರಾಳವಾಗಿ ಬರೆಯಬಹುದು, ಒಂದು ಷರತ್ತಿನ ಮೇಲೆ: ಕೂತ ತಕ್ಷಣ ಮೊದಲಿನಿಂದ ಓದಬಾರದು. ದಿನಾ ಮೊದಲ ಪುಟದಿಂದ ಓದಿ ತಿದ್ದುವವರ ಮೊದಲ ಅಧ್ಯಾಯ ಪಾಲಿಶ್ ಹಿಡಿದು ಹೊಳೆಯುತ್ತಿರುತ್ತದೆ, ನಾಲ್ಕನೇ ಅಧ್ಯಾಯ ಹುಟ್ಟಿರುವುದಿಲ್ಲ. ನಿನ್ನೆ ಬರೆದ ಕೊನೆಯ ಒಂದು ಪುಟ ಓದಿ ಸಾಕು. ಮುಗಿಸುವಾಗ ದೃಶ್ಯವನ್ನು ಪೂರ್ತಿ ಮಾಡದೆ ಮಾತಿನ ನಡುವೆ ನಿಲ್ಲಿಸಿ, ಮುಂದಿನ ಸಾಲಿನ ಎರಡು ಪದ ಗೀಚಿಟ್ಟು ಎದ್ದೇಳಿ. ಮರುದಿನ ಖಾಲಿ ಹಾಳೆ ಎದುರಾಗುವುದಿಲ್ಲ.

ವಾರಕ್ಕೊಮ್ಮೆ ಮಾತ್ರ ಪದ ಎಣಿಸಿ. ದಿನದಿನವೂ ಎಣಿಸಿದರೆ ಲೆಕ್ಕ ತುಂಬಿಸಲು ವರ್ಣನೆ ಬೆಳೆಯುತ್ತದೆ.

ಪ್ರಶ್ನೆ: ‘ನಾನು’ ಎಂದು ಹೇಳುವ ನಿರೂಪಣೆ ಸುಲಭವೋ, ‘ಅವಳು’ ಎನ್ನುವುದೋ? ಓದಿದ ಗೆಳೆಯರು “ಯಾರ ಕಣ್ಣಿಂದ ನೋಡ್ತಿದ್ದೀವಿ ಅಂತ ಗೊತ್ತಾಗ್ತಿಲ್ಲ” ಎನ್ನುತ್ತಾರೆ.

ಗೆಳೆಯರು ಹೇಳಿದ್ದು ಸರಿಯಾದ ದೂರು, ಆದರೆ ನಾನು–ಅವಳು ಬದಲಿಸಿದರೆ ಅದು ಪರಿಹಾರವಾಗುವುದಿಲ್ಲ. ಕನ್ನಡದಲ್ಲಿ ಈ ತಪ್ಪು ನುಸುಳಲು ಒಂದು ವಿಶೇಷ ದಾರಿ ಇದೆ. ‘ಅವನಿಗೆ ಬೇಸರವಾಯಿತು’, ‘ಅವಳಿಗೆ ಹೊಟ್ಟೆಕಿಚ್ಚಾಯಿತು’ ಎಂಬ ವಾಕ್ಯಗಳು ನಮಗೆ ಅಷ್ಟು ಸಹಜವೆಂದರೆ, ಒಂದೇ ಪ್ಯಾರಾದಲ್ಲಿ ಮೂವರ ಒಳಮನಸ್ಸಿಗೆ ಹೋಗಿ ಬಂದದ್ದು ಬರೆಯುವವರ ಗಮನಕ್ಕೇ ಬರುವುದಿಲ್ಲ. ಒಂದು ದೃಶ್ಯ ಒಬ್ಬರ ಕಣ್ಣು ಎಂದು ಇಟ್ಟುಕೊಂಡು, ‘-ಇಗೆ ... ಆಯಿತು’ ಮಾದರಿಯ ಪ್ರತಿ ವಾಕ್ಯಕ್ಕೂ ಪೆನ್ಸಿಲಿನಲ್ಲಿ ಗೀಟು ಹಾಕಿ. ಆ ಕಣ್ಣಿನವರದ್ದಲ್ಲದ ಅನುಭವ ಕಂಡಲ್ಲಿ ಹೊರಗೆ ಕಾಣುವುದನ್ನು ಬರೆಯಿರಿ. ‘ಅವನಿಗೆ ಬೇಸರವಾಯಿತು’ ಬದಲು ‘ಅವನು ತಟ್ಟೆಯನ್ನು ಅರ್ಧಕ್ಕೇ ಸರಿಸಿದ’. ಹಾಗೆಯೇ ‘ನನ್ನ ಮುಖ ಕೆಂಪೇರಿತು’ ಎಂದು ‘ನಾನು’ ಹೇಳುವಂತಿಲ್ಲ, ಎದುರಿಗೆ ಕನ್ನಡಿ ಇದ್ದರೆ ಬೇರೆ ಮಾತು. ಕೆನ್ನೆ ಬಿಸಿಯಾದದ್ದು ಮಾತ್ರ ಒಳಗಿನವರಿಗೆ ಗೊತ್ತು.

‘ನಾನು’ ಆರಿಸಿಕೊಂಡವರಿಗೆ ಎದುರಾಗುವ ತೊಂದರೆ, ತಾನಿಲ್ಲದ ಜಾಗದಲ್ಲಿ ನಡೆದದ್ದನ್ನು ಹೇಳುವುದು ಹೇಗೆ ಎಂಬುದು. ಇದಕ್ಕೆ ನಮ್ಮ ಭಾಷೆಯಲ್ಲೇ ಒಳ್ಳೆಯ ಉಪಕರಣವಿದೆ: ‘ಅಂತೆ’. ‘ಅವತ್ತು ರಾತ್ರಿ ಇಬ್ಬರೂ ಜಗಳವಾಡಿದರಂತೆ, ಅಮ್ಮ ಊಟ ಮಾಡಲಿಲ್ಲವಂತೆ.’ ಒಂದು ಪ್ರತ್ಯಯದಲ್ಲಿ ಕೇಳಿದ ಸುದ್ದಿ ಎಂಬುದೂ ಬಂತು, ಹೇಳಿದವರನ್ನು ಪೂರ್ತಿ ನಂಬಬೇಕಿಲ್ಲ ಎಂಬುದೂ ಬಂತು. ಆದರೆ ಮೂರು ನಾಲ್ಕು ವಾಕ್ಯಕ್ಕಿಂತ ಹೆಚ್ಚು ‘ಅಂತೆ’ ಸಾಲುಗಟ್ಟಿದರೆ ಹರಟೆಯ ಧಾಟಿ ಬಂದುಬಿಡುತ್ತದೆ. ಆ ಹೊತ್ತಿಗೆ ಹೇಳುತ್ತಿರುವ ಪಾತ್ರವನ್ನೇ ಎದುರಿಗೆ ತಂದು ಮಾತಾಡಿಸಿ.

ಇನ್ನೊಂದನ್ನು ಮೊದಲ ಪುಟಕ್ಕೆ ಮುಂಚೆಯೇ ತೀರ್ಮಾನಿಸಿ: ನಿರೂಪಕರು ಯಾರನ್ನು ‘ಬಂದ’ ಎನ್ನುತ್ತಾರೆ, ಯಾರನ್ನು ‘ಬಂದರು’ ಎನ್ನುತ್ತಾರೆ. 5ನೇ ಪುಟದಲ್ಲಿ ‘ಅಪ್ಪ ಬಂದ’, 40ನೇ ಪುಟದಲ್ಲಿ ‘ಅಪ್ಪ ಬಂದರು’ ಎಂದಿದ್ದರೆ ಓದುಗರು ಆ ನಡುವೆ ಏನೋ ನಡೆದಿರಬೇಕು ಎಂದು ಹುಡುಕುತ್ತಾರೆ. ನಿಜವಾಗಿ ಏನಾದರೂ ನಡೆದಿದ್ದರೆ, ಇದಕ್ಕಿಂತ ಚೆನ್ನಾಗಿ ಅದನ್ನು ತೋರಿಸುವ ದಾರಿಯೇ ಇಲ್ಲ.

ಪ್ರಶ್ನೆ: ನನ್ನ ಪಾತ್ರಗಳ ಆಡುಮಾತನ್ನು ಹಾಗೇ ಬರೆದರೆ ಬೇರೆ ಕಡೆಯವರಿಗೆ ಅರ್ಥವಾಗುವುದಿಲ್ಲ. ಪುಸ್ತಕದ ಭಾಷೆಯಲ್ಲಿ ಬರೆದರೆ ನಾಟಕದ ಸಂಭಾಷಣೆ ಹಾಗಿರುತ್ತದೆ. ಏನು ಮಾಡಲಿ?

ಕಿವಿಗೆ ಬಿದ್ದದ್ದನ್ನೆಲ್ಲ ಕಾಗದಕ್ಕೆ ಇಳಿಸಲು ಹೋದರೆ ಸೋಲು ಖಂಡಿತ. ಮಾತಿನ ಎಳೆತ, ಉಚ್ಚಾರ, ಅರ್ಧ ನುಂಗಿದ ಅಕ್ಷರ ಎಲ್ಲಕ್ಕೂ ಲಿಪಿ ಸಾಲುವುದಿಲ್ಲ. ಆ ಆಡುಮಾತಿನ ನಾಲ್ಕೈದು ಗುರುತು ಆರಿಸಿಕೊಳ್ಳಿ. ಮೊದಲು ಕ್ರಿಯಾಪದದ ಕೊನೆ, ಅಂದರೆ ‘ಹೋಗ್ತೀನಿ’, ‘ಹೋಗ್ತೇನೆ’, ‘ಹೊಕ್ಕೀನಿ’ ಇವುಗಳಲ್ಲಿ ಯಾವುದು ಎಂಬುದು. ಆಮೇಲೆ ಪ್ರಶ್ನೆ ಕೇಳುವ ರೀತಿ, ಕರೆಯುವ ಪದಗಳು, ಒತ್ತು ಕೊಡುವ ಒಂದೆರಡು ನಿಪಾತ (‘ಕಣೋ’ದಂಥ ಪುಟ್ಟ ಪದ). ಉಳಿದ ಪದಗಳನ್ನು ಎಲ್ಲರಿಗೂ ತಿಳಿಯುವ ಕಾಗುಣಿತದಲ್ಲೇ ಬರೆಯಿರಿ. ಧ್ವನಿ ಇರುವುದು ವಾಕ್ಯದ ಜೋಡಣೆಯಲ್ಲಿ. ಪ್ರತಿ ಪದ ಮುರಿದು ಬರೆದರೆ ಓದುಗರು ಅರ್ಥ ಬಿಡಿಸುವುದರಲ್ಲೇ ಸುಸ್ತಾಗುತ್ತಾರೆ.

ಒಂದು ಹಾಳೆಯಲ್ಲಿ ಪಾತ್ರಕ್ಕೊಂದು ಸಾಲು ಬರೆದಿಡಿ. ಯಾರು ಯಾರನ್ನು ‘ನೀನು’ ಎನ್ನುತ್ತಾರೆ, ಯಾರು ‘ನೀವು’, ಯಾರ ಬಾಯಲ್ಲಿ ‘ಇಲ್ಲ’, ಯಾರ ಬಾಯಲ್ಲಿ ‘ಇಲ್ಲಾ ಕಣೋ’. 200 ಪುಟದ ನಂತರ ಇದೆಲ್ಲ ನೆನಪಿರುತ್ತದೆ ಎಂದು ನಂಬಬೇಡಿ. ನೀವು–ನೀನು ಬದಲಾಗುವುದು ಕನ್ನಡ ಕಾದಂಬರಿಯಲ್ಲಿ ಒಂದು ಘಟನೆ. ಅದು ಮುದ್ರಣದೋಷದಂತೆ ಆಗಿಹೋಗಬಾರದು.

ಈಗ ನಾಟಕದ ವಾಸನೆಗೆ ಬರೋಣ. ಅದಕ್ಕೆ ಕಾರಣ ಭಾಷೆಗಿಂತ ಹೆಚ್ಚಾಗಿ, ಇಬ್ಬರಿಗೂ ಗೊತ್ತಿರುವುದನ್ನು ಓದುಗರಿಗಾಗಿ ಹೇಳಿಸುವುದು. “ಅಣ್ಣಾ, ಅಪ್ಪ ಹೋಗಿ ಎರಡು ವರ್ಷವಾಯಿತು, ಅಂದಿನಿಂದ ನೀನು ನನ್ನ ಜೊತೆ ಮಾತಾಡಿಲ್ಲ” ಎಂದು ಯಾವ ತಂಗಿಯೂ ಹೇಳುವುದಿಲ್ಲ. ಹೀಗೆ ನೋಡಿ:

“ನಂಬರ್ ಬದಲಾಯಿಸಿದ್ದೀಯಾ?”

“ಇಲ್ಲ.”

“ಎರಡು ವರ್ಷದಿಂದ ಅದೇ ನಂಬರಿಗೆ ಮಾಡ್ತಿದ್ದೀನಿ.”

“ಗೊತ್ತು.”

ಮಾಹಿತಿ ಅಷ್ಟೇ ಇದೆ, ಜಗಳವೂ ಬಂತು. ಮಾತಿನ ಕೊನೆಗೆ ‘ಎಂದ’, ‘ಅಂದಳು’ ಸಾಕು. ‘ಉಸುರಿದಳು’, ‘ಗುಡುಗಿದ’, ‘ನುಡಿದನು’ ಇವು ಕಣ್ಣಿಗೆ ಚುಚ್ಚುತ್ತವೆ. ಇಬ್ಬರೇ ಮಾತಾಡುವಾಗ ನಾಲ್ಕೈದು ಸಾಲಿಗೊಮ್ಮೆ ಹೆಸರು ನೆನಪಿಸಿದರೆ ಸಾಲದು ಎನಿಸಿದರೆ, ಇಬ್ಬರ ಮಾತೂ ಒಂದೇ ಥರ ಇದೆ ಎಂದರ್ಥ. ಆಗ ಹಾಳೆಗೆ ಮರಳಿ.

ಪ್ರಶ್ನೆ: ಹಿನ್ನೋಟದ ಭಾಗ ಬರೆಯುವಾಗ ‘ಮಾಡಿದ್ದ, ಹೋಗಿದ್ದ, ಹೇಳಿದ್ದ’ ಎಂದು ರಗಳೆಯಾಗುತ್ತದೆ.

ಮೊದಲ ಎರಡು ಮೂರು ವಾಕ್ಯಗಳಿಗೆ ಮಾತ್ರ ‘-ಇದ್ದ’ ಹಾಕಿ, ಆಮೇಲೆ ಸಾದಾ ಭೂತಕಾಲಕ್ಕೆ ಇಳಿಯಿರಿ. ‘ಆ ದಿನ ಅವಳು ಬೇಗ ಎದ್ದಿದ್ದಳು. ಹೊರಗೆ ಇನ್ನೂ ಕತ್ತಲಿತ್ತು. ಬಾಗಿಲು ತೆರೆದಳು, ಮೆಟ್ಟಿಲ ಮೇಲೆ ಯಾರೋ ಕೂತಿದ್ದರು.’ ಹಿಂದಿನ ಕಾಲಕ್ಕೆ ಹೋಗಿದ್ದೇವೆ ಎಂಬುದು ಓದುಗರಿಗೆ ಒಮ್ಮೆ ಹೇಳಿದರೆ ಸಾಕು. ಕಷ್ಟ ಇರುವುದು ವಾಪಸು ಬರುವಲ್ಲಿ. ಹೋಗುವ ಮುನ್ನ ಕೈಯಲ್ಲಿದ್ದ ಒಂದು ವಸ್ತುವನ್ನು ಹಿಡಿದು ಬನ್ನಿ: ಲೋಟ ಹಿಡಿದು ನೆನಪಿಗೆ ಜಾರಿದ್ದರೆ, ಮರಳುವಾಗ ಲೋಟ ತಣ್ಣಗಾಗಿರಲಿ. ಎರಡು ಪುಟಕ್ಕಿಂತ ಉದ್ದದ ಹಿನ್ನೋಟ ಬೇಕೆನಿಸಿದರೆ ಅದಕ್ಕೆ ಬೇರೆ ಅಧ್ಯಾಯವೇ ಮೇಲು.

ಪ್ರಶ್ನೆ: ಮೊದಲ ಕರಡು ಮುಗಿಯಿತು. ತಿದ್ದಲು ಕೂತರೆ ಕಾಗುಣಿತದಲ್ಲೇ ದಿನ ಕಳೆಯುತ್ತಿದೆ.

ಕ್ರಮ ತಲೆಕೆಳಗಾಗಿದೆ. ಕಿತ್ತುಹಾಕಬೇಕಾದ ಗೋಡೆಗೆ ಸುಣ್ಣ ಬಳಿಯುತ್ತಿದ್ದೀರಿ. ಕರಡನ್ನು ಕನಿಷ್ಠ 4 ವಾರ ಮುಟ್ಟದೆ ಇಡಿ, ಆಮೇಲೆ ಮುದ್ರಿಸಿಕೊಂಡು ಒಂದೆರಡು ದಿನದಲ್ಲಿ ಪೂರ್ತಿ ಓದಿ. ಈ ಓದಿನಲ್ಲಿ ತಿದ್ದುವಂತಿಲ್ಲ, ಅಂಚಿನಲ್ಲಿ ಗುರುತು ಮಾತ್ರ: ಬೇಜಾರಾದಲ್ಲಿ ‘ಬೇ’, ನಂಬಿಕೆ ಬಾರದಲ್ಲಿ ‘ನಂ’, ಗೊಂದಲವಾದಲ್ಲಿ ‘ಗೊ’. ‘ಬೇ’ ಬಿದ್ದ ಪುಟವನ್ನೇ ತಿದ್ದಲು ಹೊರಡಬೇಡಿ, ಅದರ ಹಿಂದಿನ ಹತ್ತು ಪುಟ ನೋಡಿ. ಓದುಗರು ಬೇಸರಪಡುವುದು ಪ್ರಶ್ನೆಯೊಂದು ಬಗೆಹರಿದು ಹೊಸ ಪ್ರಶ್ನೆ ಎದ್ದಿರದಿದ್ದಾಗ. ಅದು ಬಗೆಹರಿದದ್ದು ಹಿಂದೆಲ್ಲೋ ಆಗಿರುತ್ತದೆ. ‘ನಂ’ ಬಿದ್ದಲ್ಲಿಯೂ ಅಷ್ಟೇ. 150ನೇ ಪುಟದಲ್ಲಿ ಅಂಜುಬುರುಕ ಪಾತ್ರ ಏಕಾಏಕಿ ಧೈರ್ಯ ತೋರಿದರೆ, 30ನೇ ಪುಟದಲ್ಲಿ ಅದರ ಒಂದು ಬೀಜ ಬಿತ್ತಬೇಕು. 150ರಲ್ಲಿ ವಿವರಣೆ ಕೊಟ್ಟು ಉಪಯೋಗವಿಲ್ಲ.

ಎರಡನೇ ಸುತ್ತಿನಲ್ಲಿ ದೃಶ್ಯಗಳನ್ನು ಕೂಡಿಸಿ, ಕಳೆಯಿರಿ. ಜೊತೆಗೆ ಕಾಲದ ಪಟ್ಟಿ: ಪ್ರತಿ ಅಧ್ಯಾಯಕ್ಕೆ ವರ್ಷ, ತಿಂಗಳು, ವಾರದ ದಿನ, ಮುಖ್ಯ ಪಾತ್ರಗಳ ವಯಸ್ಸು. 11 ತಿಂಗಳ ಬಸುರಿ, ಒಂದೇ ವಾರದಲ್ಲಿ ಎರಡು ಭಾನುವಾರ, ಮಗನಿಗಿಂತ 9 ವರ್ಷವಷ್ಟೇ ದೊಡ್ಡವಳಾದ ಅಮ್ಮ — ಇವೆಲ್ಲ ಈ ಪಟ್ಟಿಯಲ್ಲೇ ಸಿಕ್ಕಿಬೀಳುತ್ತವೆ.

ಮೂರನೇ ಸುತ್ತು ವಾಕ್ಯಗಳಿಗೆ, ಗಟ್ಟಿಯಾಗಿ ಓದುತ್ತಾ. ಉಸಿರು ಕಟ್ಟಿದಲ್ಲಿ ವಾಕ್ಯ ಒಡೆಯಿರಿ. ಪ್ರತಿಯೊಬ್ಬರಿಗೂ ಚಟದ ಪದಗಳಿರುತ್ತವೆ: ‘ಒಂದು ಕ್ಷಣ’, ‘ಯಾಕೋ’, ‘ಅರಿವಿಲ್ಲದೆ’, ‘ನಿಟ್ಟುಸಿರು ಬಿಟ್ಟ’. ಕಂಪ್ಯೂಟರಿನಲ್ಲಿ ಹುಡುಕಿ ಎಣಿಸಿದರೆ ನಾಚಿಕೆಯಾಗುವಷ್ಟು ಸಿಗುತ್ತವೆ, ಹತ್ತರಲ್ಲಿ ಎಂಟನ್ನು ಸುಮ್ಮನೆ ಅಳಿಸಬಹುದು. ಕಾಗುಣಿತ ಕೊನೆಯ ಸುತ್ತು. ಅದನ್ನು ಸಾಧ್ಯವಾದರೆ ಇನ್ನೊಬ್ಬರಿಂದ ಮಾಡಿಸಿ, ಬರೆದವರ ಕಣ್ಣು ಇರುವುದನ್ನು ಬಿಟ್ಟು ಇರಬೇಕಾದದ್ದನ್ನು ಓದುತ್ತದೆ.

ಪ್ರಶ್ನೆ: ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೇನೆ. ಪ್ರಕಾಶಕರು ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಕೇಳುತ್ತಿದ್ದಾರೆ.

ಪುಟವಿನ್ಯಾಸದ ಹಳೆಯ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುವುದಿಲ್ಲ, ಹಾಗಾಗಿ ಹಳೆಯ ನುಡಿ ಫಾಂಟು ಕೇಳುತ್ತಾರೆ. ಯೂನಿಕೋಡ್ ಪ್ರತಿಯೇ ಮೂಲಪ್ರತಿಯಾಗಿರಲಿ. ಅದರ ನಕಲನ್ನು ಯೂನಿಕೋಡನ್ನು ನುಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಎಲ್ಲ ತಿದ್ದುಪಡಿ ಮುಗಿದ ಮೇಲೆ, ಒಂದೇ ಸಲ. ಎರಡೂ ಕಡತಗಳಲ್ಲಿ ಬೇರೆ ಬೇರೆ ತಿದ್ದುಪಡಿ ಮಾಡುತ್ತಾ ಹೋದರೆ ಯಾವುದು ಸರಿ ಎಂದು ನಿಮಗೇ ತಿಳಿಯದಾಗುತ್ತದೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಎರಡೆರಡು ಒತ್ತಕ್ಷರ, ಉದ್ಧರಣ ಚಿಹ್ನೆ, ಇಂಗ್ಲಿಷ್ ಅಕ್ಷರ ಇರುವ ಜಾಗ ನೋಡಿ. ‘ಕಾರ್ಯ’, ‘ಸ್ತ್ರೀ’, ‘ದೃಷ್ಟಿ’, ‘ಜ್ಞಾನ’ ಸರಿಯಾಗಿ ಮೂಡಿದ್ದರೆ ಬಹುಪಾಲು ಕ್ಷೇಮ.

ಪ್ರಶ್ನೆ: ಪ್ರಕಾಶಕರಿಗೆ ಕಳಿಸಿದರೆ ಕತೆ ಕದಿಯುತ್ತಾರೆಯೇ?

ಕದಿಯುವವರು ಹೊಸಬರ ಹಸ್ತಪ್ರತಿಗಾಗಿ ಕಾದು ಕೂತಿರುವುದಿಲ್ಲ. ಬರಹಗಾರರ ಹಕ್ಕು ಕಾಯುವ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ (1886) ಸೇರಿದ ದೇಶಗಳಲ್ಲಿ ಬರೆದ ಕೃತಿಯ ಹಕ್ಕಿಗೆ ನೋಂದಣಿಯ ಷರತ್ತಿಲ್ಲ, ಬರೆದಾಗಲೇ ಹುಟ್ಟುತ್ತದೆ. ಅದು ಕಾಯುವುದು ನೀವು ಬರೆದ ರೂಪವನ್ನು, ‘ಮನೆ ಮಾರಲು ಬಂದ ಮಗಳು’ ಎಂಬ ಬರೀ ಯೋಚನೆಯನ್ನಲ್ಲ. ದಿನಾಂಕ ಕಾಣುವಂತೆ ಕರಡುಗಳನ್ನು ಇಟ್ಟುಕೊಳ್ಳಿ. ಭಯ ಇರಬೇಕಾದದ್ದು ಪ್ರಕಾಶಕರ ಜೊತೆಗಿನ ಒಪ್ಪಂದದ ಹಾಳೆಯ ಬಗ್ಗೆ. ‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ’ ಎಂಬ ಸಾಲು ಕಂಡರೆ ನಿಲ್ಲಿ. ಮುದ್ರಣ, ಇ–ಪುಸ್ತಕ, ಆಡಿಯೊ, ಅನುವಾದ, ಸಿನಿಮಾ ಒಂದೊಂದೂ ಬೇರೆ ಹಕ್ಕು. ಎಷ್ಟು ಪ್ರತಿ, ಎಷ್ಟು ವರ್ಷ, ಗೌರವಧನ ಮುಖಬೆಲೆಯ ಮೇಲೋ ಮಾರಾಟದಿಂದ ಬಂದ ಹಣದ ಮೇಲೋ, ಇವು ಬರಹದಲ್ಲಿರಲಿ.

ಪ್ರಶ್ನೆ: ಕೊನೆಯ ಅಧ್ಯಾಯ ಏಳು ಸಲ ಬರೆದೆ. ಮುಗಿದ ಹಾಗೆ ಅನಿಸುತ್ತಲೇ ಇಲ್ಲ.

ಕೊನೆಯ ಒಂದು ಪುಟವನ್ನು ಕೈಯಿಂದ ಮುಚ್ಚಿ ಓದಿ. ಆಮೇಲೆ ಎರಡು ಪುಟ, ಮೂರು ಪುಟ ಮುಚ್ಚಿ. ಕತೆ ಮುಗಿದ ಮೇಲೂ ಅರ್ಥ ಹೇಳುತ್ತಾ ಕೂತಿದ್ದರೆ ಎಲ್ಲಿ ಕತ್ತರಿಸಬೇಕೆಂದು ಇದರಲ್ಲೇ ಗೊತ್ತಾಗುತ್ತದೆ. ಎಷ್ಟು ಮುಚ್ಚಿದರೂ ಮುಗಿದಂತೆ ಅನಿಸದಿದ್ದರೆ ಎಂಟನೇ ಸಲ ಬರೆಯಬೇಡಿ. ಮೊದಲ ಅಧ್ಯಾಯ ತೆಗೆದು, ಅಲ್ಲಿ ನಿಮ್ಮ ಪಾತ್ರಕ್ಕೆ ಏನು ಬೇಕಾಗಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿರಿ. ಕೊನೆಯಲ್ಲಿ ಅವಳಿಗೆ ಸಿಕ್ಕಿದ್ದೋ ತಪ್ಪಿದ್ದೋ ಏನು ಎಂಬುದನ್ನು ಇನ್ನೊಂದರಲ್ಲಿ. ಮೊದಲ ಚೀಟಿಯಲ್ಲಿ ‘ಮನೆ ಮಾರಬೇಕು’, ಎರಡನೆಯದರಲ್ಲಿ ‘ಗೆಳತಿಯ ಮದುವೆ ಆಯಿತು’ ಅಂತ ಇದ್ದರೆ, ತಿದ್ದಬೇಕಾದದ್ದು ಮೊದಲ ಅಧ್ಯಾಯ.